ಅರ್ಥವಾಗದಿದ್ದರೆ ನಿಲ್ಲಬೇಕು, ವಾರ್ನಿಂಗ್ ಕೊಟ್ಟು ಓಡುವುದಲ್ಲ

ನಿನ್ನೆಯಿಂದ ಮೈ ಉರಿಯುತ್ತಿದೆ. ಹಳೇ ಬ್ಯಾಕಪ್ ಫೈಲುಗಳನ್ನು ಅಳಿಸೋಕೆ ಒಂದು ಕಮಾಂಡ್ ಲೈನ್ ಟೂಲ್ ಬಳಸುತ್ತೇನೆ. ನಿಜವಾಗಿ ಅಳಿಸುವ ಮೊದಲು ಯಾವ್ಯಾವುದು ಹೋಗುತ್ತದೆ ನೋಡೋಣ ಅಂತ ಡ್ರೈ ರನ್ ಆಪ್ಷನ್ ಹಾಕಿದೆ. ಎರಡು ಪದದ ನಡುವಿನ ಹೈಫನ್ ಬಿಟ್ಟುಹೋಗಿತ್ತು. ಎಂಟರ್ ಒತ್ತಿದ ತಕ್ಷಣ ಎರಡು ಸಾಲು ಬಂತು. ‘ವಾರ್ನಿಂಗ್: ಗೊತ್ತಿಲ್ಲದ ಆಪ್ಷನ್, ಕೈಬಿಡಲಾಗಿದೆ.’ ಅದರ ಕೆಳಗೇ, ‘1,284 ಫೈಲ್ ಅಳಿಸಲಾಗಿದೆ.’

ನಾನು ಹೇಳಿದ್ದು ಅರ್ಥವಾಗಲಿಲ್ಲ ಅಂತ ಅದೇ ಒಪ್ಪಿಕೊಂಡಿದೆ. ಆದರೂ ಕೆಲಸ ಮುಗಿಸಿಬಿಟ್ಟಿದೆ! ಅಳಿಸಬೇಡ, ಬರೀ ತೋರಿಸು ಅಂದಿದ್ದೆ. ಆ ಮಾತನ್ನೇ ಕೈಬಿಟ್ಟು ಅಳಿಸಿದೆ. ಎಲ್ಲ ಮುಗಿದ ಮೇಲೆ ಈ ವಾರ್ನಿಂಗ್ ಯಾವ ಪುರುಷಾರ್ಥಕ್ಕೆ?

ಕೆಲಸ ಹೇಗೆ ಮುಗಿಯಿತು ಅಂತ ಹೇಳೋಕೆ ಟೂಲ್ ಕೊನೆಗೆ ಕೊಡುವ ಅಂಕಿ, ಅಂದರೆ ಎಕ್ಸಿಟ್ ಕೋಡ್ ನೋಡಿದೆ. ಸೊನ್ನೆ. ಅಂದರೆ ಎಲ್ಲ ಸರಿಯಾಗಿ ಮುಗಿಯಿತು ಅಂತ ಲೆಕ್ಕ. ಇದೇ ಕಮಾಂಡನ್ನು ನಿಗದಿತ ಹೊತ್ತಿಗೆ ತಾನೇ ಕಮಾಂಡ್ ಓಡಿಸುವ ಕ್ರಾನ್ ರಾತ್ರಿ 2 ಗಂಟೆಗೆ ಓಡಿಸಿದರೆ ವಾರ್ನಿಂಗ್ ಓದೋಕೆ ಅಲ್ಲಿ ಯಾರು ಕೂತಿರುತ್ತಾರೆ? ಕಮಾಂಡುಗಳನ್ನು ಸಾಲಾಗಿ ಓಡಿಸುವ ಶೆಲ್ ಸ್ಕ್ರಿಪ್ಟ್ ನೋಡುವುದು ಆ ಒಂದು ಅಂಕಿಯನ್ನು. ಸ್ಕ್ರಿಪ್ಟಿನ ಮೊದಲಲ್ಲೇ ‘ಸೆಟ್ ಮೈನಸ್ ಇ’, ಅಂದರೆ ಕಮಾಂಡ್ ಕೆಟ್ಟರೆ ಅಲ್ಲೇ ನಿಲ್ಲು ಅಂತ ಬರೆದಿದ್ದರೂ, ಸೊನ್ನೆ ಬಂದರೆ ಅದು ಸುಮ್ನೆ ಮುಂದಿನ ಸಾಲಿಗೆ ಹೋಗುತ್ತದೆ. ಅದರ ತಪ್ಪೇನಿಲ್ಲ, ಅದಕ್ಕೆ ಸುಳ್ಳು ಹೇಳಲಾಗಿದೆ.

ಫೈಲುಗಳಲ್ಲಿ ಪದ ಹುಡುಕುವ ಗ್ರೆಪ್ ಅನ್ನುವ ಟೂಲ್ ನೋಡಿ. 1970ರ ದಶಕದಲ್ಲಿ ಹುಟ್ಟಿದ್ದು. ಹುಡುಕಿದ್ದು ಸಿಕ್ಕರೆ ಎಕ್ಸಿಟ್ ಕೋಡ್ 0, ಸಿಗದಿದ್ದರೆ 1, ಎಡವಟ್ಟಾದರೆ 2. ಗೊತ್ತಿಲ್ಲದ ಆಪ್ಷನ್ ಕೊಟ್ಟರೆ ಹುಡುಕೋಕೇ ಹೋಗುವುದಿಲ್ಲ, ಎರರ್ ತೋರಿಸಿ ನಿಂತುಬಿಡುತ್ತದೆ. ಬರೀ ಓದುವ ಟೂಲಿಗೇ ಇಷ್ಟು ಎಚ್ಚರ ಇದೆ. ಅಳಿಸುವ ಟೂಲಿಗೆ ಇನ್ನೂ ಜಾಸ್ತಿ ಇರಬೇಕು, ಅಲ್ವಾ?

ವಾರ್ನಿಂಗೇ ಬೇಡ ಅಂತ ನಾನು ಹೇಳುತ್ತಿಲ್ಲ. ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವ ಜಿಸಿಸಿ ಕಂಪೈಲರ್, ವಾರ್ನಿಂಗ್ ಕೊಡು ಅಂತ ಆಪ್ಷನ್ ಹಾಕಿದ್ದರೆ, ಬಳಸದೇ ಬಿಟ್ಟ ವೇರಿಯೇಬಲ್ ಕಂಡಾಗ ವಾರ್ನಿಂಗ್ ಕೊಡುತ್ತದೆ. ಸರಿಯಾದದ್ದೇ. ಅಲ್ಲಿ ಕೋಡ್ ನಿಯಮದ ಪ್ರಕಾರವೇ ಇದೆ, ಅನುಮಾನ ಮಾತ್ರ. ಅದನ್ನೂ ಎರರ್ ಮಾಡಬೇಕು ಅನ್ನುವವರಿಗೆ ಬೇರೆ ಆಪ್ಷನ್ ಇದೆ. ಆದರೆ ಇಲ್ಲದ ಆಪ್ಷನ್, ಫೆಬ್ರವರಿ 30ರ ತಾರೀಖು, ಸಂಖ್ಯೆ ಇರಬೇಕಾದ ಕಡೆ ಅಕ್ಷರ, ಇವುಗಳಲ್ಲಿ ಅನುಮಾನಪಡುವುದು ಏನಿದೆ? ತಪ್ಪು ಅಂದರೆ ತಪ್ಪು.

ಲಕ್ಷ ಸಾಲಿನ ಫೈಲಿನಲ್ಲಿ ಒಂದು ಸಾಲು ಕೆಟ್ಟಿದ್ದರೆ ಎಲ್ಲ ನಿಲ್ಲಿಸಬೇಕಾ ಅಂತ ಕೆಲವರು ಕೇಳುತ್ತಾರೆ. ಕೆಟ್ಟ ಸಾಲು ಬಿಟ್ಟು ಮುಂದೆ ಹೋಗು ಅಂತ ನಾನೇ ಹೇಳಿದರೆ ಹೋಗಲಿ. ಆಗಲೂ ಎಷ್ಟು ಸಾಲು ಬಿಟ್ಟೆ ಅಂತ ಕೊನೆಗೆ ಲೆಕ್ಕ ಕೊಡಲಿ, ಸೊನ್ನೆ ಅಲ್ಲದ ಅಂಕಿ ಕೊಡಲಿ. ನನ್ನ ಪರವಾಗಿ ತಾನೇ ತೀರ್ಮಾನ ಮಾಡುವುದು ಬೇಡ.

ಟೂಲ್ ಬರೆದವರಿಗೆ ಇದನ್ನೆಲ್ಲ ತಿಳಿಸಿದೆ. ‘ವಾರ್ನಿಂಗ್ ಬಂದಿತ್ತಲ್ಲ, ಓದಬೇಕಿತ್ತು’ ಅಂದರು. ಆ ಎರಡು ಸಾಲಿನ ನಡುವೆ ಒಂದು ಸೆಕೆಂಡ್ ಕೂಡ ಇರಲಿಲ್ಲ. ಓದಿ ಏನು ಮಾಡಬೇಕಿತ್ತು ನಾನು?