ರೋಗಿಯ ಎದುರೇ ಎಲ್ಲ ಮಾತೂ ಆಗಬೇಕೇ?

ಪರ

"ನೀವು ಸ್ವಲ್ಪ ಹೊರಗೆ ಕೂತಿರಿ, ಅಮ್ಮನ ಹತ್ತಿರ ಮಾತಾಡಬೇಕು" ಎನ್ನುತ್ತಾರೆ ಡಾಕ್ಟರು. ಬಾಗಿಲು ಮುಚ್ಚುತ್ತದೆ. ಹತ್ತು ನಿಮಿಷ ಬಿಟ್ಟು ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬರುತ್ತಾರೆ. "ಏನಂದ್ರು?" ಎಂದರೆ "ಏನಿಲ್ಲಪ್ಪ, ಮಾತ್ರೆ ಬರೆದಿದಾರೆ." ಎಲ್ಲರೂ ನನ್ನ ಬೆನ್ನ ಹಿಂದೆ ಮಾತಾಡುತ್ತಾರೆ ಎಂಬ ಭಯದಲ್ಲೇ ಮಾನಸಿಕ ಆಸ್ಪತ್ರೆಗೆ ಬಂದ ಹುಡುಗ ಅವನು. ಆ ಭಯ ನಿಜ ಅಂತ ನಾವೇ ತೋರಿಸಿಕೊಟ್ಟ ಹಾಗಾಯಿತು, ಅಲ್ವಾ?

ಫಿನ್‌ಲ್ಯಾಂಡಿನ ಟೊರ್ನಿಯೊ ಊರಿನ ಕೆರೊಪುದಾಸ್ ಮಾನಸಿಕ ಆಸ್ಪತ್ರೆ 1984ರಲ್ಲಿ ಈ ಬಾಗಿಲು ತೆಗೆಯಿತು. ರೋಗಿ ಇಲ್ಲದ ಕಡೆ ಅವರ ಚಿಕಿತ್ಸೆಯ ತೀರ್ಮಾನ ಮಾಡುವ ಹಾಗಿಲ್ಲ. ಕರೆ ಬಂದ 24 ಗಂಟೆಯೊಳಗೆ ಎಲ್ಲರೂ ಸೇರಬೇಕು, ಆದಷ್ಟೂ ಮನೆಯಲ್ಲೇ. ಮನೆಯವರು, ಗೆಳೆಯರು ಕೂರಬಹುದು. ಡಾಕ್ಟರು, ನರ್ಸು ತಮಗಿರುವ ಅನುಮಾನವನ್ನೂ ರೋಗಿಗೆ ಕೇಳುವ ಹಾಗೆ ಅಲ್ಲೇ ಮಾತಾಡಿಕೊಳ್ಳುತ್ತಾರೆ. ಮಾತ್ರೆಗೆ ಅವಸರ ಮಾಡುವುದಿಲ್ಲ. ಇದಕ್ಕೆ ಮುಂದೆ ‘ಓಪನ್ ಡೈಲಾಗ್’ ಎಂಬ ಹೆಸರು ಬಂತು. ಈ ಪದ್ಧತಿ ಕಟ್ಟಿದವರಲ್ಲಿ ಒಬ್ಬರಾದ ಯಾಕ್ಕೊ ಸೆಯ್ಕುಲ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ 5 ವರ್ಷದ ಲೆಕ್ಕದಲ್ಲಿ, ಮೊದಲ ಸಲ ಸೈಕೋಸಿಸ್ (ಇಲ್ಲದ್ದು ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಮನೋಸ್ಥಿತಿ) ಆದವರಲ್ಲಿ 80%ಗೂ ಜಾಸ್ತಿ ಜನ ಕೆಲಸಕ್ಕೋ ಓದಿಗೋ ಮರಳಿದ್ದರು. ಇಷ್ಟು ಕಂಡ ಮೇಲೂ ಬೆಂಚಿನ ಮೇಲೆ ಆ ಹುಡುಗನನ್ನು ಸುಮ್ನೆ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ.

ವಿರೋಧ

ಆ ಲೆಕ್ಕ ನನಗೂ ಆಸೆ ಹುಟ್ಟಿಸುತ್ತದೆ. ಆದರೆ ಅದು ಕೆಲವೇ ಡಜನ್ ಜನರದ್ದು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಹೋಲಿಸಿದ್ದಲ್ಲ. ಅಳೆದವರೂ ಆ ಪದ್ಧತಿ ಕಟ್ಟಿದವರೇ. ಇನ್ನು ಒಬ್ಬ ರೋಗಿಗೆ ಇಬ್ಬರು ಸಿಬ್ಬಂದಿ, ಗಂಟೆಗಟ್ಟಲೆ ಮಾತು. ನಮ್ಮ ಜಿಲ್ಲಾ ಆಸ್ಪತ್ರೆಯ ಓಪಿಡಿ ಸಾಲು ನೋಡಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ನನ್ನ ದೊಡ್ಡ ಚಿಂತೆ ಮಾತ್ರ ಬೇರೆ. ನಮ್ಮಲ್ಲಿ ರೋಗಿ ಒಬ್ಬರೇ ಬರುವುದು ಕಡಿಮೆ. ಅತ್ತೆ, ಗಂಡ, ಮೈದುನ ಸುತ್ತ ಕೂತಿರುವಾಗ ಸೊಸೆ ಏನು ಹೇಳಿಯಾಳು? "ಏನಿಲ್ಲ ಡಾಕ್ಟ್ರೆ, ನಿದ್ದೆ ಬರಲ್ಲ ಅಷ್ಟೆ." ಯಾರು ಕೂರಬೇಕು ಅಂತ ಹೇಳುವ ಹಕ್ಕು ಆಕೆಗೇ ಇದೆ, ಟೊರ್ನಿಯೊದವರೂ ಅದನ್ನು ಒಪ್ಪುತ್ತಾರೆ. ಆದರೆ ಸಂಜೆ ಅದೇ ಮನೆಗೆ ಹೋಗಬೇಕಾದವಳು, ಕರೆದುಕೊಂಡು ಬಂದವರ ಮುಖ ನೋಡಿ "ಇವರು ಬೇಡ" ಅನ್ನುತ್ತಾಳಾ?

ಪಕ್ಕದ ಕೋಣೆಯಲ್ಲಿ ನರ್ಸಮ್ಮ ಒಬ್ಬರೇ ಕೂತು ಕೇಳಿದಾಗ ಅವಳು ಮೆಲ್ಲಗೆ ಸೆರಗು ಸರಿಸಿ ತೋಳಿನ ಬರೆ ತೋರಿಸುತ್ತಾಳೆ. ಹೊರಗೆ ಅತ್ತೆಯ ದನಿ ಕೇಳಿದ್ದೇ ತಡ, ಸೆರಗು ಮತ್ತೆ ತೋಳಿನ ಮೇಲೆ ಬರುತ್ತದೆ.