ಮೊಬೈಲ್ ಕಿತ್ತುಕೊಂಡರೆ ಮುಗಿಯುವುದಿಲ್ಲ

ಮೊಬೈಲ್ ಕಿತ್ತುಕೊಂಡರೆ ಮಕ್ಕಳ ಆನ್‌ಲೈನ್ ಕಿರುಕುಳ ನಿಲ್ಲುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಅಷ್ಟು ಸುಲಭ ಅಲ್ಲ ಸರ್. ನಾನು ಮಂಡ್ಯದಲ್ಲಿ ಹೈಸ್ಕೂಲ್ ಮೇಷ್ಟ್ರು. ಹುಡುಗಿಯೊಬ್ಬಳ ಫೋಟೋಗೆ ಹಂದಿ ಮೂತಿ ಅಂಟಿಸಿ ನಕಲಿ ಇನ್‌ಸ್ಟಾಗ್ರಾಮ್ ಅಕೌಂಟಿನಲ್ಲಿ ಹಾಕಿದವನು ಕ್ಲಾಸಲ್ಲಿ ಬಾಯೇ ಬಿಡದ ಹುಡುಗ! ಹೆಸರು ಗೊತ್ತಾಗಲ್ಲ, ಅವಳ ಅಳು ಕಣ್ಣಿಗೆ ಬೀಳಲ್ಲ, ಅದೇ ಧೈರ್ಯ. ಮನಃಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲೇ ಇದನ್ನು ವಿವರಿಸಿದ್ದಾರೆ. ಆ ಹುಡುಗನನ್ನು ಕೇಳಿದರೆ 'ಸುಮ್ನೆ ತಮಾಷೆಗೆ ಸಾರ್' ಅಂದ. ಹಿಂದಿನ ವರ್ಷ ಅವನನ್ನೇ 'ಕರಿಯ' ಅಂತ ವಾಟ್ಸಾಪ್ ಗ್ರೂಪಲ್ಲಿ ಗೋಳು ಹುಯ್ದುಕೊಂಡಿದ್ದರಂತೆ. ನನಗೆ ಜಾಸ್ತಿ ಬೇಜಾರಾಗಿದ್ದು ನಗುವ ಇಮೋಜಿ ಒತ್ತಿದ ಉಳಿದವರ ಬಗ್ಗೆ: ತಡೆದರೆ ಮುಂದಿನ ಸರದಿ ತಮ್ಮದೇ ಅನ್ನುವ ಭಯ, ಈ ವಯಸ್ಸಲ್ಲಿ ಗೆಳೆಯರ ಗುಂಪಿಂದ ಹೊರಗಾಗುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಅಲ್ವಾ? ಇನ್ನು ಮೊಬೈಲ್ ಕಿತ್ತುಕೊಳ್ಳುತ್ತಾರೆ ಅಂತ ಗೊತ್ತಾದರೆ ನೊಂದ ಮಗು ಮನೆಯಲ್ಲಿ ಬಾಯಿ ಬಿಡುವುದೇ ಇಲ್ಲ. ಮಕ್ಕಳ ಸಹಾಯವಾಣಿ 1098 ಅಂತಾದರೂ ಲೇಖನದಲ್ಲಿ ಸೇರಿಸಿ.