ಒಂಬತ್ತನೇ ಕಂಪಾರ್ಟ್‌ಮೆಂಟಿನ 23 ಜನ

ಮುಳುಗಿಹೋದ ರಷ್ಯಾದ ಕುರ್ಸ್ಕ್ ಜಲಾಂತರ್ಗಾಮಿಯ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು, "ಹೇಗಿದ್ರೂ ಅವರು ಬದುಕ್ತಿರಲಿಲ್ಲ ಬಿಡಿ, ರಕ್ಷಣೆ ತಡ ಆದ್ರೆ ಏನಾಯ್ತು" ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ.

2000ದ ಆಗಸ್ಟ್ 12, ಶನಿವಾರ. ಬ್ಯಾರೆಂಟ್ಸ್ ಸಮುದ್ರದಲ್ಲಿ ರಷ್ಯಾ ನೌಕಾಪಡೆಯ ಸಮರಾಭ್ಯಾಸ. ಬೆಳಿಗ್ಗೆ 11:28ಕ್ಕೆ ಕುರ್ಸ್ಕ್‌ನ ಮುಂಭಾಗದಲ್ಲಿ ಒಂದು ಟಾರ್ಪಿಡೊ ಸಿಡಿಯಿತು. ಅದನ್ನು ಓಡಿಸಲು ತುಂಬಿದ್ದದ್ದು ಹೈಡ್ರೋಜನ್ ಪೆರಾಕ್ಸೈಡ್. ಸೋರಿ ಲೋಹಕ್ಕೆ ತಗುಲಿದರೆ ಸಾಕು, ಕುದಿದು ಆವಿಯಾಗಿ ಉಬ್ಬುತ್ತದೆ. ಇದೇನು ಹೊಸ ವಿಷಯವಲ್ಲ. 1955ರಲ್ಲೇ ಬ್ರಿಟನ್ನಿನ ಸೈಡನ್ ಜಲಾಂತರ್ಗಾಮಿಯಲ್ಲಿ ಇಂಥದೇ ಟಾರ್ಪಿಡೊ ಸಿಡಿದು 13 ಜನ ಸತ್ತಿದ್ದರು, ಆಮೇಲೆ ಬ್ರಿಟನ್ ಅದನ್ನು ಕೈಬಿಟ್ಟಿತು. ರಷ್ಯಾ ಬಿಡಲಿಲ್ಲ. ಎರಡು ನಿಮಿಷ ಚಿಲ್ಲರೆ ಕಳೆಯುವಷ್ಟರಲ್ಲಿ ಉಳಿದ ಟಾರ್ಪಿಡೊಗಳೂ ಸಿಡಿದವು. ಆ ಹೊಡೆತ ನಾರ್ವೆಯ ಭೂಕಂಪ ಮಾಪಕಗಳಿಗೂ ಗೊತ್ತಾಯಿತು. 154 ಮೀಟರ್ ಉದ್ದದ ಹಡಗು 108 ಮೀಟರ್ ಆಳದಲ್ಲಿ ತಳ ಸೇರಿತು. ಒಳಗಿದ್ದವರು 118 ಜನ.

ಮುಂದಿನ ಕಂಪಾರ್ಟ್‌ಮೆಂಟುಗಳಲ್ಲಿದ್ದವರಿಗೆ ಏನಾಯಿತು ಅಂತ ತಿಳಿಯುವಷ್ಟೂ ಹೊತ್ತು ಸಿಕ್ಕಿರಲಿಕ್ಕಿಲ್ಲ. ಆದರೆ ಹಿಂಭಾಗದಲ್ಲಿ 23 ಜನ ಉಳಿದಿದ್ದರು. ಎಲ್ಲರೂ ಒಂಬತ್ತನೇ ಕಂಪಾರ್ಟ್‌ಮೆಂಟಿಗೆ ಬಂದು ಸೇರಿದರು. ಅವರಲ್ಲೊಬ್ಬ ದ್ಮಿತ್ರಿ ಕೊಲೆಸ್ನಿಕೊವ್. ಎರಡು ದಿನದ ಹಿಂದಷ್ಟೇ 27 ತುಂಬಿತ್ತು. ಒಂದು ಚೀಟಿಯಲ್ಲಿ 23 ಜನರ ಹೆಸರನ್ನೂ ಬರೆದ. ಕತ್ತಲೆ, ಕೈಯಂದಾಜಿನಲ್ಲಿ ಬರೆಯುತ್ತಿದ್ದೇನೆ, ಯಾರಾದರೂ ಓದಿಯಾರು ಅಂತಲೂ ಬರೆದ. ಹೆಂಡತಿಗೂ ಎರಡು ಸಾಲು. ಆಮೇಲೆ ಆಮ್ಲಜನಕ ಕೊಡುವ ರಾಸಾಯನಿಕ ಡಬ್ಬಿಯೊಂದಕ್ಕೆ ಎಣ್ಣೆ ಬೆರೆತ ನೀರು ತಾಗಿ ಬೆಂಕಿ ಹೊತ್ತಿಕೊಂಡಿತು. ಎಂಟು ಗಂಟೆಯೊಳಗೆ ಎಲ್ಲ ಮುಗಿದಿತ್ತು ಅಂತ ರಷ್ಯಾದ ತನಿಖೆ ಹೇಳಿತು.

ಆ ಎಂಟು ಗಂಟೆಯ ಲೆಕ್ಕ ಹಿಡಿದುಕೊಂಡೇ ಜನ "ಹೇಗಿದ್ರೂ" ಅನ್ನುವುದು. ಆದರೆ ಅದು ಗೊತ್ತಾದದ್ದು ಎಷ್ಟೋ ದಿನ ಆದ ಮೇಲೆ, ಅಲ್ವಾ? ಆ ಹೊತ್ತಿಗೆ ಮೇಲಿದ್ದವರ ಮಟ್ಟಿಗೆ ಒಳಗಿನವರು ಬದುಕಿದ್ದಿರಬಹುದಿತ್ತು. ಹಾಗಿದ್ದೂ ಹಡಗು ಅಪಾಯದಲ್ಲಿದೆ ಅಂತ ಒಪ್ಪಿಕೊಳ್ಳುವಷ್ಟರಲ್ಲಿ ರಾತ್ರಿಯಾಗಿತ್ತು. ಸೋಮವಾರ ಜನರಿಗೆ ತಿಳಿಸಿದರು, ಅದೂ ಭಾನುವಾರ ಏನೋ ತಾಂತ್ರಿಕ ತೊಂದರೆಯಾಯಿತು ಅಂತ ಸುಳ್ಳು ಸೇರಿಸಿ. ನಾರ್ವೆ, ಬ್ರಿಟನ್ ಸಹಾಯಕ್ಕೆ ತಯಾರಿದ್ದರೂ ಒಪ್ಪಿದ್ದು 16ಕ್ಕೆ. ಅಧ್ಯಕ್ಷ ಪುಟಿನ್ ಅಷ್ಟು ದಿನವೂ ಸೋಚಿಯಲ್ಲಿ ರಜೆಯಲ್ಲಿದ್ದರು. ಕುರ್ಸ್ಕ್‌ನ ನೆಲೆಯಾಗಿದ್ದ ವಿದ್ಯಾಯೆವೊ ಊರಿನ ಸಭೆಯಲ್ಲಿ, ಹಡಗಿನಲ್ಲಿದ್ದವನೊಬ್ಬನ ತಾಯಿ ಅಧಿಕಾರಿಗಳ ಮೇಲೆ ಕೂಗಾಡಿದಾಗ ಹಿಂದಿನಿಂದ ಬಂದು ಬಟ್ಟೆಯ ಮೇಲೇ ಮಂಪರಿನ ಸೂಜಿ ಚುಚ್ಚಿದರು. ಆಕೆ ಕುಸಿದದ್ದನ್ನು ಜಗತ್ತೇ ಟಿವಿಯಲ್ಲಿ ನೋಡಿತು. ಮಗ ಎಲ್ಲಿ ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ ಅದು.

ಕೊನೆಗೆ 21ಕ್ಕೆ ನಾರ್ವೆಯ ಮುಳುಗುಗಾರರು ಹಿಂಭಾಗದ ಬಾಗಿಲು ತೆರೆದರು. ಒಳಗೆ ಪೂರ್ತಿ ನೀರು. ಕೊಲೆಸ್ನಿಕೊವ್‌ನ ದೇಹ ಮೇಲೆ ಬಂದದ್ದು ಅಕ್ಟೋಬರಿನಲ್ಲಿ, ಚೀಟಿ ಅವನ ಜೇಬಿನಲ್ಲೇ ಇತ್ತು.